ಬಳೆ, ಗ್ಲೋವ್ಸ್ ಮತ್ತು ನಾಲಿಗೆ

ತಂಗಿ, ನಿನ್ನ ಪತ್ರ ಓದಿದೆ. ಯಾದಗಿರಿ ಹುಡುಗಿ, ಕಲಬುರಗಿಯಲ್ಲಿ ಐದು ವರ್ಷ ಐಸಿಯು ಕೆಲಸ, ಇಂಗ್ಲೆಂಡಿಗೆ ಬಂದು ಮೂರು ವಾರ, ಇಲ್ಲಿ ನರ್ಸ್ ಆಗಲು ಓಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ ಮುಂದಿದೆ. "ಓಸ್ಕಿ ತರಬೇತಿಯಲ್ಲಿ ದಿನಾ ಕೈ ತೊಳಿ, ಕೈ ತೊಳಿ ಅಂತ ತಲೆ ತಿಂತಾರೆ ಅಕ್ಕಾ, ನಾವೇನು ಕೈ ತೊಳೆಯೋದೂ ಗೊತ್ತಿಲ್ಲದೆ ಬಂದಿದ್ದೀವಾ?" ಅಂತ ಕೇಳಿದ್ದೀಯ. ಬಳೆ ತೆಗೆದದ್ದಕ್ಕೆ ಅತ್ತೆ ಮುನಿಸಿಕೊಂಡದ್ದನ್ನೂ ಬರೆದಿದ್ದೀಯ.

ಮೊದಲು ಬಳೆ. ಅದರಲ್ಲಿ ವಾದ ಇಲ್ಲ. ರೋಗಿ ಹತ್ತಿರ ಹೋಗುವಾಗ ಮೊಣಕೈ ಕೆಳಗೆ ಏನೂ ಇರಬಾರದು. ಗಾಜಿನ ಬಳೆ, ಚಿನ್ನದ ಬಳೆ, ವಾಚು, ಕೈಗೆ ಕಟ್ಟಿದ ದಾರ, ಉದ್ದ ತೋಳು, ಉಗುರಿನ ಬಣ್ಣ ಯಾವುದೂ ಬೇಡ. ಕಲ್ಲಿಲ್ಲದ ಸಾದಾ ಉಂಗುರ ಒಂದಕ್ಕೆ ಸಾಮಾನ್ಯವಾಗಿ ಬಿಡುತ್ತಾರೆ. ಬಳೆ ಇದ್ದರೆ ಮಣಿಕಟ್ಟು ತೊಳೆಯಲು ಆಗುವುದಿಲ್ಲ, ಅಷ್ಟೇ ಕಾರಣ. 2007ರಲ್ಲಿ ಇಲ್ಲಿನ ಆರೋಗ್ಯ ಇಲಾಖೆ ಈ ಮಾತು ಹೇಳಿದ ಮೇಲೆ ಡಾಕ್ಟರರ ಉದ್ದ ತೋಳಿನ ಬಿಳಿ ಕೋಟೇ ಹೋಯಿತು. ಅತ್ತೆಗೆ ಅದನ್ನು ಹೇಳು, "ಡಾಕ್ಟರರ ಕೋಟನ್ನೇ ಬಿಚ್ಚಿಸಿದ್ದಾರಂತೆ ಅತ್ತೀ" ಅಂತ. ಸ್ವಲ್ಪ ಸಮಾಧಾನ ಆದೀತು. ಕಾಲುಂಗುರಕ್ಕೆ ಯಾರ ತಕರಾರೂ ಇಲ್ಲ, ಬೂಟಿನೊಳಗೆ ಅದು ಯಾರಿಗೂ ಕಾಣುವುದಿಲ್ಲ.

ಇನ್ನು ಕೈ ತೊಳೆಯುವುದು. ಹೇಗೆ ತೊಳೆಯಬೇಕು ಅಂತ ನಿನಗೆ ಗೊತ್ತು, ನಂಬುತ್ತೇನೆ. ನನಗೂ ಗೊತ್ತಿತ್ತು. ಯಾವಾಗ ಅನ್ನುವುದರಲ್ಲಿ ನಾನು ಎಡವಿದೆ.

ಬಂದ ಎರಡನೇ ತಿಂಗಳು ಅದು. ಒಬ್ಬ ಅಜ್ಜನ ಯೂರಿನ್ ಬ್ಯಾಗ್ ಖಾಲಿ ಮಾಡುತ್ತಿದ್ದೆ. ಪಕ್ಕದ ಬೆಡ್ಡಿನ ಔಷಧಿ ಹನಿಸುವ ಪಂಪ್ ಕೂಗಿಕೊಂಡಿತು. ಅದೇ ಗ್ಲೋವ್ಸಿನಲ್ಲೇ ಹೋಗಿ ಗುಂಡಿ ಒತ್ತಿ ಸುಮ್ಮನಾಗಿಸಿದೆ. ಆ ರೋಗಿಯನ್ನು ಮುಟ್ಟಲೂ ಇಲ್ಲ. ಅಲ್ಲೇ ಹಾಸಿಗೆ ಸರಿಮಾಡುತ್ತಿದ್ದ ವಯಸ್ಸಾದ ಹೆಲ್ತ್‌ಕೇರ್ ಅಸಿಸ್ಟೆಂಟ್ ಮೆಲ್ಲಗೆ "ಗ್ಲೋವ್ಸ್, ಲವ್" ಅಂದಳು, ಗ್ಲೋವ್ಸ್ ಬಿಚ್ಚಲಿಲ್ಲವಲ್ಲಮ್ಮಾ ಅನ್ನುವ ಹಾಗೆ. ಇಬ್ಬರು ರೋಗಿಗಳ ಎದುರಿಗೇ! ನನ್ನ ಮುಖ ಕೆಂಡವಾಯಿತು. ನಮ್ಮ ಕಡೆ ಆಯಾ ಒಬ್ಬಳು ಸಿಸ್ಟರಿಗೆ ಹೀಗೆ ಅಂದಿದ್ದರೆ ಸಂಜೆಯೊಳಗೆ ಮೇಟ್ರನ್ ಎದುರು ಪಂಚಾಯ್ತಿ ಆಗುತ್ತಿತ್ತು, ಅಲ್ವಾ? ಬಟ್ಟೆ ಇಡುವ ಕೋಣೆಗೆ ಹೋಗಿ ಅತ್ತುಬಿಟ್ಟೆ. ಹಗಲೆಲ್ಲ ಅವಳ ಮೇಲೆ ಸಿಟ್ಟು.

ರಾತ್ರಿ ಮಲಗಿದಾಗ ಲೆಕ್ಕ ಹಾಕಿದೆ. ಬ್ಯಾಗಿನಿಂದ ಗ್ಲೋವ್ಸಿಗೆ, ಗ್ಲೋವ್ಸಿನಿಂದ ಪಂಪಿನ ಗುಂಡಿಗೆ. ಆಮೇಲೆ ಆ ಗುಂಡಿ ಒತ್ತುವ ಇನ್ನೊಬ್ಬ ನರ್ಸಿನ ಕೈಗೆ, ಅಲ್ಲಿಂದ ಆ ರೋಗಿಯ ರಕ್ತನಾಳಕ್ಕೆ ಚುಚ್ಚಿದ ಕ್ಯಾನುಲಾ ಕೊಳವೆಗೆ. ಆ ಗ್ಲೋವ್ಸ್ ಕಾಪಾಡಿದ್ದು ನನ್ನ ಕೈಯನ್ನು ಮಾತ್ರ. ಊರಲ್ಲಿ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಗ್ಲೋವ್ಸನ್ನು ಎಣಿಸಿ ಕೊಡುತ್ತಿದ್ದರು. ಒಂದೇ ಜೊತೆಯಲ್ಲಿ ಮೂರು ಬೆಡ್ ಮುಗಿಸಿದ್ದೂ ಇದೆ, ಸುಳ್ಳು ಯಾಕೆ ಹೇಳಲಿ. ಗ್ಲೋವ್ಸ್ ಹಾಕಿದ್ದೀನಲ್ಲ, ಕೈ ಶುದ್ಧ ಅನ್ನೋ ಧೈರ್ಯ. ಗ್ಲೋವ್ಸಿಗೆ ಕಣ್ಣಿಗೆ ಕಾಣದ ತೂತು ಇರುತ್ತವೆ, ಬಿಚ್ಚುವಾಗಲೂ ಕೈಗೆ ಹತ್ತುತ್ತದೆ. ಹಾಗಾಗಿ ಬಿಚ್ಚಿದ ಮೇಲೂ ಕೈ ಸ್ವಚ್ಛ ಮಾಡಲೇಬೇಕು.

ನಿನಗೆ ಉರು ಹೊಡೆಸುತ್ತಿರುವ, ಕೈ ಸ್ವಚ್ಛ ಮಾಡಬೇಕಾದ ಐದು ಸಂದರ್ಭಗಳು ವಿಶ್ವ ಆರೋಗ್ಯ ಸಂಸ್ಥೆಯವು. ರೋಗಿಯನ್ನು ಮುಟ್ಟುವ ಮುಂಚೆ, ಕ್ಯಾನುಲಾ, ಡ್ರೆಸ್ಸಿಂಗಿನಂಥ ಶುದ್ಧ ಕೆಲಸದ ಮುಂಚೆ, ರಕ್ತ ಮೂತ್ರ ತಗಲುವಂಥ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ. ಇವು ನಮಗೆ ಕಷ್ಟವಲ್ಲ. ಐದನೆಯದು ನೋಡು: ರೋಗಿಯ ಸುತ್ತಲಿನ ಸಾಮಾನು ಮುಟ್ಟಿದ ನಂತರ. ಬೆಡ್ಡಿನ ಸರಳು, ಟೇಬಲ್, ಪಂಪ್. ರೋಗಿಯನ್ನು ಮುಟ್ಟಲಿಲ್ಲವಲ್ಲ ಅಂತ ಮನಸ್ಸು ಹೇಳುತ್ತದೆ. ಓಸ್ಕಿಯಲ್ಲಿ ಅಲ್ಲಿ ಹುಷಾರಾಗಿರು.

ಇನ್ನೊಂದು ಗುಟ್ಟು. ನಮ್ಮ ಮನೆಗಳಲ್ಲಿ ನೀರು ಮುಟ್ಟದೆ ಮಡಿ ಇಲ್ಲ. ಅದಕ್ಕೇ ಹ್ಯಾಂಡ್‌ರಬ್, ಅಂದರೆ ಕೈಗೆ ಉಜ್ಜುವ ಆಲ್ಕೋಹಾಲ್ ದ್ರವ, ನನಗೆ ಮೋಸದ ಕೆಲಸ ಅನ್ನಿಸುತ್ತಿತ್ತು. ಆದರೆ ಕೈಗೆ ಕಾಣುವಂಥ ಹೊಲಸು ಇಲ್ಲದಿದ್ದರೆ ಅದೇ ಮೇಲು. 20-30 ಸೆಕೆಂಡು ಸಾಕು, ಸೋಪು ನೀರಿಗೆ 40-60 ಬೇಕು. ಕೈ ಒದ್ದೆ ಇದ್ದಾಗಲೇ ಓಡಬೇಡ, ಒಣಗುವ ತನಕ ಉಜ್ಜು. ಆದರೆ ಭೇದಿ ರೋಗಿಯ ಹತ್ತಿರ ಮಾತ್ರ ಅದನ್ನು ನಂಬಬೇಡ. ಸಿ. ಡಿಫ್ ಅನ್ನುವ ರೋಗಾಣು ಬೀಜದ ಹಾಗೆ ಗಟ್ಟಿ ಚಿಪ್ಪಿನೊಳಗೆ ಕೂತಿರುತ್ತದೆ, ಆಲ್ಕೋಹಾಲಿಗೆ ಸಾಯುವುದಿಲ್ಲ. ಅಲ್ಲಿ ಸೋಪು ನೀರೇ ಬೇಕು. ಏಪ್ರಿಲಿನಲ್ಲಿ ನಲ್ಲಿ ಬರೀ ಗಾಳಿ ಬಿಡುತ್ತಿದ್ದ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಬೆಡ್ಡಿಗೊಂದು ಹ್ಯಾಂಡ್‌ರಬ್ ಬಾಟಲಿ ಆಗ ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಎಥನಾಲ್, ಗ್ಲಿಸರಿನ್, ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಆಸ್ಪತ್ರೆ ಫಾರ್ಮಸಿಯಲ್ಲೇ ಮಾಡಿಕೊಳ್ಳುವ ಅಳತೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿದೆ.

ನೀನು ಕೇಳದ ಒಂದು ಮಾತು ಹೇಳುತ್ತೇನೆ. ಚಳಿ ಒಂದು ವರ್ಷಕ್ಕೆ ರೂಢಿಯಾಗುತ್ತದೆ, ಇಂಗ್ಲಿಷ್ ತಾನಾಗಿ ಬರುತ್ತದೆ. ಹುದ್ದೆಯಲ್ಲಿ ಕಿರಿಯರ ಕೈಲಿ ಹೇಳಿಸಿಕೊಳ್ಳುವುದು, ಹಿರಿಯರಿಗೆ ಹೇಳುವುದು, ಇವೆರಡು ಜಾಸ್ತಿ ಕಷ್ಟ. 1847ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್, ಹೆರಿಗೆ ವಾರ್ಡಿಗೆ ಬರುವ ಮುಂಚೆ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿರಿ ಅಂದ. ಬಾಣಂತಿಯರ ಸಾವು ಇಳಿಯಿತು. ಆದರೂ ನಮ್ಮ ಕೈ ಕೊಳಕಾ ಅಂತ ಎಷ್ಟೋ ಡಾಕ್ಟರರಿಗೆ ಸಿಟ್ಟು ಬಂತು. ಆ ಸಿಟ್ಟು ನನಗೆ ಚೆನ್ನಾಗಿ ಗೊತ್ತು, ಬಟ್ಟೆ ಕೋಣೆಯಲ್ಲಿ ಅತ್ತವಳಲ್ಲವೇ.

ನನ್ನ ನಾಲಿಗೆ ಏಳಲು ಎರಡು ವರ್ಷ ಬೇಕಾಯಿತು. ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರ್, ಒಬ್ಬ ರೋಗಿಯ ಗಾಯ ನೋಡಿ, ಕೈ ಸ್ವಚ್ಛ ಮಾಡದೆ ಹಾಗೇ ಮುಂದಿನ ಬೆಡ್ಡಿಗೆ ಕೈ ಚಾಚಿದರು. ಬಾಯಿ ತೆರೆದೆ, ಮಾತು ಬರಲಿಲ್ಲ. ಹ್ಯಾಂಡ್‌ರಬ್ ಬಾಟಲಿ ತೆಗೆದು ಅವರ ಮುಂದೆ ಹಿಡಿದೆ. ಅವರು "ಥ್ಯಾಂಕ್ಯೂ ಸಿಸ್ಟರ್" ಅಂತ ಉಜ್ಜಿಕೊಂಡರು, ಕೆಲಸ ಮುಂದುವರಿಸಿದರು. ನನ್ನ ಎದೆ ಮಾತ್ರ ಊಟದ ಹೊತ್ತಿನ ತನಕ ಹೊಡೆದುಕೊಳ್ಳುತ್ತಿತ್ತು.

ಒಂದು ಕ್ರೀಮ್ ತಗೋ, ಡ್ಯೂಟಿ ಮುಗಿದ ಮೇಲೆ ತಪ್ಪದೆ ಹಚ್ಚು. ಚಳಿಗಾಲದಲ್ಲಿ ಕೈ ಬಿರಿದು ಖಾರ ಮುಟ್ಟಿದರೆ ಉರಿ ಏಳುತ್ತದೆ. ತೀರಾ ಕೆಂಪಾದರೆ ಮುಚ್ಚಿಡಬೇಡ, ಸಿಬ್ಬಂದಿಯ ಆರೋಗ್ಯ ನೋಡುವ ಆಕ್ಯುಪೇಷನಲ್ ಹೆಲ್ತಿನವರಿಗೆ ತೋರಿಸು. ಓಸ್ಕಿ ಯಾವತ್ತು ಅಂತ ತಿಳಿಸು. ಅದು ಮುಗಿದ ಭಾನುವಾರ ನಮ್ಮ ಮನೆಗೆ ಬಾ. ಜೋಳದ ಹಿಟ್ಟು ಇಲ್ಲಿ ಸಿಗುತ್ತದೆ, ಶೇಂಗಾ ಹಿಂಡಿ ಊರಿಂದ ಬಂದಿದೆ. ಬರುವಾಗ ಬಳೆ ಹಾಕಿಕೊಂಡೇ ಬಾ, ಫೋಟೋ ತೆಗೆದು ಅತ್ತೆಗೆ ಕಳಿಸೋಣ.