ಬಳಪ, ಚಗಳಿ ಚಟ್ನಿ, ಕಾಫಿ ಬೀಜ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನಾನು ಬೇಲೂರು ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನಲಿ-ಕಲಿ ತರಗತಿಯ ಶಿಕ್ಷಕಿ. ವಯಸ್ಸು 31. ಎರಡು ವರ್ಷಗಳಿಂದ ಬಳಪ ತಿನ್ನುವ ಚಟ ಅಂಟಿಕೊಂಡಿದೆ. ಮಕ್ಕಳು ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸುವಾಗ ಏಳುವ ವಾಸನೆಗೇ ಬಾಯಲ್ಲಿ ನೀರೂರುತ್ತದೆ. ದಿನಕ್ಕೆ ಐದಾರು ಕಡ್ಡಿಯಾದರೂ ಬೇಕು. ಈಚೆಗೆ ಹಸಿ ಅಕ್ಕಿಯೂ ಸೇರಿಕೊಂಡಿದೆ. ನಾಚಿಕೆಯಿಂದ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೊಟ್ಟೆಯಲ್ಲಿ ಕಲ್ಲಾಗುತ್ತದೆಯೇ? ಇದು ಮಾನಸಿಕ ಕಾಯಿಲೆಯೇ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ, ವಿಷಯಕ್ಕೆ ಸಂಬಂಧವೇ ಇಲ್ಲವೆಂಬಂತೆ, ಮುಟ್ಟಿನ ಸ್ರಾವ ಏಳೆಂಟು ದಿನ ನಿಲ್ಲುವುದಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಬರೆದಿದ್ದೀರಿ. ನನಗೆ ಉಳಿದೆಲ್ಲಕ್ಕಿಂತ ಆ ಎರಡು ಸಾಲುಗಳೇ ಮುಖ್ಯವಾಗಿ ಕಂಡವು. ಬಳಪದ ಚಿಂತೆಯನ್ನು ಸದ್ಯಕ್ಕೆ ಬದಿಗಿಟ್ಟು, ಈ ವಾರದಲ್ಲೇ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಆಹಾರವಲ್ಲದ ವಸ್ತುವನ್ನು ಒಂದು ತಿಂಗಳಿಗೂ ಹೆಚ್ಚು ಕಾಲ ಬಿಡದೆ ತಿನ್ನುವುದಕ್ಕೆ ವೈದ್ಯರು ಪೈಕಾ ಎನ್ನುತ್ತಾರೆ; ಲ್ಯಾಟಿನ್ ಭಾಷೆಯಲ್ಲಿ ಅದು ಕಂಡದ್ದನ್ನೆಲ್ಲ ಕುಕ್ಕುತ್ತದೆಂದು ಹೆಸರಾದ ಒಂದು ಹಕ್ಕಿ. ಕೆಲವರಲ್ಲಿ ಇದಕ್ಕೆ ಮಾನಸಿಕ ಕಾರಣಗಳಿರುವುದು ನಿಜ. ಆದರೆ ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಮೊದಲು ಹುಡುಕಬೇಕಾದದ್ದು ಕಬ್ಬಿಣದ ಕೊರತೆಯನ್ನು. ಬಸುರಿಯರ ಮಣ್ಣಿನ ಬಯಕೆ, ಫ್ರಿಜ್ಜಿನ ಮಂಜುಗಡ್ಡೆಯನ್ನು ಕಟಕಟನೆ ಕಡಿಯುವ ಆಸೆ, ನಿಮ್ಮ ಹಸಿ ಅಕ್ಕಿ, ಇವೆಲ್ಲವೂ ಬಹಳಷ್ಟು ಸಲ ಆ ಕೊರತೆಯ ಜೊತೆಗೇ ಕಾಣಿಸಿಕೊಳ್ಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದ್ದುದು ಕಂಡುಬಂದಿರುವಾಗ, ನೀವು ಒಬ್ಬರೇ ಏನೋ ಅಪರಾಧ ಮಾಡಿದವರಂತೆ ಬಳಪವನ್ನು ಬ್ಯಾಗಿನ ಮೂಲೆಯಲ್ಲಿ ಬಚ್ಚಿಡುವ ಅಗತ್ಯವಿಲ್ಲ.

ಇನ್ನು ಕಲ್ಲಿನ ಮಾತು. ನಿಮ್ಮದೇ ಊರಿನ ಚೆನ್ನಕೇಶವನ ಗುಡಿಯನ್ನು ಹೊಯ್ಸಳರ ಕಾಲದ ಶಿಲ್ಪಿಗಳು ಕಡೆದದ್ದು ಬಳಪದ ಕಲ್ಲಿನಲ್ಲೇ. ಆದರೆ ಉಳಿಗೆ ಅಷ್ಟು ಸುಲಭವಾಗಿ ಒಗ್ಗುವ ಆ ಕಲ್ಲು ಹೊಟ್ಟೆಯ ಆಮ್ಲಕ್ಕೆ ಒಗ್ಗುವುದಿಲ್ಲ, ಹೋದಂತೆಯೇ ಹೊರಬೀಳುತ್ತದೆ. ಪ್ರಮಾಣ ಹೆಚ್ಚಾದರೆ ಮಲಬದ್ಧತೆ ಬರುತ್ತದೆ, ಅಪರೂಪಕ್ಕೆ ಕರುಳು ಕಟ್ಟಿಕೊಳ್ಳುವುದೂ ಉಂಟು. ಹಲ್ಲಿನ ಮೇಲ್ಪದರವಂತೂ ಸವೆದೇ ಸವೆಯುತ್ತದೆ. ಸುಣ್ಣಕಲ್ಲಿನ ಪುಡಿಯಿಂದ ಮಾಡಿದ ಕಡ್ಡಿಯಾದರೆ ತೊಂದರೆ ಬೇರೆ ಬಗೆಯದು. ಅದರ ಕ್ಯಾಲ್ಸಿಯಂ ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಹೀಗಾಗಿ ಕೊರತೆಯಿಂದ ಹುಟ್ಟಿದ ಚಟವೇ ಆ ಕೊರತೆಯನ್ನು ಬೆಳೆಸುತ್ತ ಹೋಗುತ್ತದೆ. ಬಳಪವನ್ನು ಯಾರೂ ತಿನ್ನಲೆಂದು ತಯಾರಿಸುವುದಿಲ್ಲವಾದ್ದರಿಂದ ಅದರಲ್ಲಿ ಸೀಸದಂಥ ಲೋಹ ಬೆರೆತಿದೆಯೇ ಎಂದು ಆಹಾರಕ್ಕೆ ಮಾಡುವಂತೆ ಪರೀಕ್ಷಿಸಿರುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಹಿಮೋಗ್ಲೋಬಿನ್ 12 ಗ್ರಾಂ ದಾಟಿದ್ದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಅದನ್ನು ತೋರಿಸುವುದು ಫೆರಿಟಿನ್. ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಅದನ್ನು ನಿಂಬೆ ಪಾನಕದೊಂದಿಗೆ ತೆಗೆದುಕೊಳ್ಳಿ. ಕಾಫಿಗೂ ಮಾತ್ರೆಗೂ ನಡುವೆ ಕನಿಷ್ಠ ಒಂದು ಗಂಟೆಯ ಅಂತರವಿರಲಿ. ಮಲ ಕಪ್ಪಾದರೆ ಹೆದರಬೇಡಿ. ರಕ್ತದ ಪ್ರಮಾಣ ಏರುವುದಕ್ಕೆ ತಿಂಗಳುಗಳೇ ಬೇಕು, ಆದರೆ ತಿನ್ನುವ ಆಸೆ ಅನೇಕರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ಇಳಿದುಹೋಗುತ್ತದೆ. ಹಾಗೆಂದು ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ. ಸ್ರಾವ ಅಷ್ಟು ದಿನ ಏಕೆ ನಿಲ್ಲುತ್ತಿಲ್ಲವೆಂದು ಸ್ತ್ರೀರೋಗ ತಜ್ಞರಿಂದಲೂ ತಿಳಿದುಕೊಳ್ಳಬೇಕು. ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದರೇನು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಬೆಳೆದವಳು, ಮದುವೆಯಾಗಿ ಕೊಪ್ಪದ ಕಡೆಯ ಹಳ್ಳಿಗೆ ಬಂದಿದ್ದೇನೆ. ಇಲ್ಲಿ ಅತ್ತೆಯವರು ಮರದ ಮೇಲಿನ ಕೆಂಪಿರುವೆಗಳನ್ನು ಹುರಿದು ಚಟ್ನಿ ಅರೆಯುತ್ತಾರೆ, ಐದು ವರ್ಷದ ಮಗನಿಗೂ ತಿನ್ನಿಸುತ್ತಾರೆ. ಅತ್ತೆಗೆ ಬೇಡವೆನ್ನಲು ಧೈರ್ಯವಿಲ್ಲ. ಮಗುವಿಗೆ ವಿಷವಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಚಗಳಿ ಎನ್ನುವ ಈ ಕೆಂಪಿರುವೆಯ ಹುಳಿ ಬರುವುದು ಅದರ ಮೈಯಲ್ಲಿರುವ ಫಾರ್ಮಿಕ್ ಆಮ್ಲದಿಂದ. ಹುರಿದು, ಜೀರಿಗೆ ಮೆಣಸು, ಬೆಳ್ಳುಳ್ಳಿ, ಕಾಯಿತುರಿ ಸೇರಿಸಿ ಅರೆದ ಚಟ್ನಿಯನ್ನು ಅನ್ನದ ಜೊತೆ ಒಂದು ಚಮಚ ತಿನ್ನುವುದರಲ್ಲಿ ಅಪಾಯವಿಲ್ಲ, ಒಂದಿಷ್ಟು ಪ್ರೋಟೀನೂ ಸಿಗುತ್ತದೆ. ಒಡಿಶಾದ ಮಯೂರ್‌ಭಂಜ್ ಸೀಮೆಯ ಇಂಥದ್ದೇ ಕೆಂಪಿರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಎರಡು ಎಚ್ಚರಿಕೆಗಳು ಮಾತ್ರ ಬೇಕು. ಏಡಿ ಅಥವಾ ಸಿಗಡಿ ತಿಂದಾಗ ಮೈ ದದ್ದೇಳುವ ಮಗುವಾದರೆ ಇರುವೆಯೂ ಒಗ್ಗದಿರಬಹುದು. ಈಚೆಗೆ ಔಷಧಿ ಹೊಡೆದ ತೋಟದ ಗೂಡನ್ನು ಇಳಿಸಬಾರದು.

ನಿಮ್ಮ ಪತ್ರದಲ್ಲಿ ನನ್ನನ್ನು ಬೆಚ್ಚಿಸಿದ್ದು ಇರುವೆಯಲ್ಲ. "ಮಳೆಗಾಲದಲ್ಲಿ ಕಳಲೆ ಪಲ್ಯ ನನಗೂ ಇಷ್ಟ, ನೆನೆಸುವಷ್ಟು ತಾಳ್ಮೆಯಿಲ್ಲದೆ ಹೆಚ್ಚಿದ ದಿನವೇ ಒಗ್ಗರಣೆ ಹಾಕಿಬಿಡುತ್ತೇನೆ" ಎಂದು ಸಲೀಸಾಗಿ ಬರೆದಿದ್ದೀರಲ್ಲ, ಅದು. ಎಳೆಯ ಬಿದಿರಿನ ಮೊಳಕೆಯಲ್ಲಿ, ಕತ್ತರಿಸಿದಾಗ ಸಯನೈಡ್ ಬಿಡುಗಡೆ ಮಾಡುವ ಪದಾರ್ಥವಿದೆ. ಮಲೆನಾಡಿನವರು ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ, ಆಮೇಲೆ ಬೇಯಿಸುವುದು ಬರಿಯ ಕಹಿ ತೆಗೆಯುವುದಕ್ಕಲ್ಲ. ಆ ವಿಷ ನೀರಿನೊಂದಿಗೆ ಹೋಗುವುದೂ ಹಾಗೆಯೇ. ಪತ್ರೊಡೆಯ ಕೆಸುವಿನೆಲೆಗೆ ಹುಣಸೆಹುಳಿ ಬೀಳಲೇಬೇಕೆನ್ನುವುದರ ಹಿಂದೆಯೂ ಇಂಥದ್ದೇ ತಿಳಿವಳಿಕೆಯಿದೆ: ಗಂಟಲು ಕೆರೆಯುವಂತೆ ಮಾಡುವ ಸೂಜಿಯಂಥ ಆಕ್ಸಲೇಟ್ ಹರಳುಗಳ ತೊಡಕು ಹುಳಿಯಲ್ಲಿ ಬೆಂದಾಗ ತಗ್ಗುತ್ತದೆ. ಅತ್ತೆಯವರ ಇರುವೆಗೆ ಅಂಜುವುದನ್ನು ಬಿಟ್ಟು, ಕಳಲೆ ಹಸನು ಮಾಡುವುದನ್ನು ಅವರ ಪಕ್ಕದಲ್ಲೇ ಕೂತು ಕಲಿಯಿರಿ.

ಪ್ರಶ್ನೆ: ಮೂಡಿಗೆರೆ ಸಮೀಪದ ಬೆಳೆಗಾರ ನಾನು, ವಯಸ್ಸು 58. ಹುರಿದ ರೋಬಸ್ಟಾ ಬೀಜವನ್ನು ಜೇಬಿನಲ್ಲಿಟ್ಟುಕೊಂಡು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಅಗಿಯುತ್ತೇನೆ. ಉಷ್ಣವಾಗಿ ರಕ್ತ ಕೆಡುತ್ತದೆಂದು ಮನೆಯವಳ ತಕರಾರು.

ಉತ್ತರ: ರಕ್ತ ಕೆಡುವುದಿಲ್ಲವೆಂದು ಮನೆಯವರಿಗೆ ತಿಳಿಸಿ. ಇಪ್ಪತ್ತೈದು ಹುರಿದ ಬೀಜಗಳು ಮೂರು ನಾಲ್ಕು ಗ್ರಾಂ ತೂಗಿಯಾವು. ಒಂದು ಲೋಟ ಗಟ್ಟಿ ಫಿಲ್ಟರ್ ಕಾಫಿಗೆ ಬೀಳುವ ಪುಡಿ ಅದಕ್ಕಿಂತ ಹೆಚ್ಚು. ಅರೇಬಿಕಾಗಿಂತ ರೋಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು ಎಂಬುದು ನಿಮಗೆ ನಾನು ಹೇಳಿಕೊಡಬೇಕಾದ ಸಂಗತಿಯೇನಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಿಮ್ಮ ಲೆಕ್ಕ ಮೀರುವುದು ಬೀಜದಿಂದಲ್ಲ, ಅದರ ಜೊತೆಗೆ ನೀವೇ ಬರೆದಿರುವ ಆರು ಲೋಟ ಕಾಫಿಯಿಂದ. ರಾತ್ರಿ ನಿದ್ದೆ ಬರುವುದಿಲ್ಲವೆಂದು ಅಂಗಡಿಯಿಂದ ಮಾತ್ರೆ ತರಿಸಿ ನುಂಗುತ್ತಿದ್ದೀರಂತೆ. ಅದನ್ನು ನುಂಗಲು ಹೇಳಿದವರು ಯಾರು? ವೈದ್ಯರ ಚೀಟಿಯಿಲ್ಲದ ಆ ಮಾತ್ರೆಯನ್ನು ಹತ್ತಿರದ ವೈದ್ಯರಿಗೆ ತೋರಿಸಿ, ದಿಢೀರನೆ ಬಿಡಬಹುದೇ ಎಂದು ಕೇಳಿ; ಮಧ್ಯಾಹ್ನ 2 ಗಂಟೆಯ ನಂತರ ಲೋಟವನ್ನೂ ಬೀಜವನ್ನೂ ಹದಿನೈದು ದಿನ ಮುಟ್ಟದೆ ಇದ್ದು, ನಿದ್ದೆ ಹೇಗಿದೆಯೆಂದು ಮತ್ತೆ ಬರೆಯಿರಿ.