ಎರಡೂವರೆ ಲಕ್ಷದಲ್ಲಿ ಹಳೇ ಕಾರು: ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ ನೋಡಿ

ಪ್ರಶ್ನೆ: ನಾನು ತಿಪಟೂರಿನಲ್ಲಿ ಹೈಸ್ಕೂಲ್ ಟೀಚರ್. ಶಾಲೆ ಮನೆಯಿಂದ 14 ಕಿಲೋಮೀಟರ್. ತಿಂಗಳಿಗೆ ಎರಡು ಸಲ ಅಮ್ಮನನ್ನು ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕೂಡಿಟ್ಟಿರುವುದು ಎರಡೂವರೆ ಲಕ್ಷ. ಬೆಂಗಳೂರಿನ ಡೀಲರ್ ಒಬ್ಬರ ಹತ್ತಿರ 2014ರ ಡೀಸೆಲ್ ಸ್ವಿಫ್ಟ್ ಇದೆ, 2.45 ಲಕ್ಷ ಹೇಳುತ್ತಿದ್ದಾರೆ. ನಮ್ಮ ಊರಲ್ಲೇ ರಿಟೈರ್ ಆದವರೊಬ್ಬರ 2013ರ ಪೆಟ್ರೋಲ್ ವ್ಯಾಗನ್‌ಆರ್ 2.10 ಲಕ್ಷಕ್ಕೆ ಇದೆ. ಸ್ವಿಫ್ಟ್ ಹೊಸದರ ಹಾಗೆ ಮಿಂಚುತ್ತದೆ, ವ್ಯಾಗನ್‌ಆರ್ ಮೈತುಂಬಾ ಗೀರು. ಯಾವುದು ತಗೊಳ್ಳಲಿ ಸರ್?

ಉತ್ತರ: ಮೇಡಂ, ಎರಡೂವರೆ ಲಕ್ಷವನ್ನೂ ಕಾರಿಗೇ ಸುರಿಯಬೇಡಿ. 40 ಸಾವಿರವಾದರೂ ಕೈಯಲ್ಲಿ ಇಟ್ಟುಕೊಳ್ಳಿ. ಹತ್ತು ವರ್ಷ ದಾಟಿದ ಕಾರು ಮನೆಗೆ ಬಂದ ಮೊದಲ ಕೆಲವು ತಿಂಗಳಲ್ಲೇ ಏನಾದರೂ ಕೇಳುತ್ತದೆ. ಟೈರ್, ಬ್ಯಾಟರಿ, ಕ್ಲಚ್ ಪ್ಲೇಟ್, ಹೀಗೆ. ಇನ್ಶೂರೆನ್ಸ್, ಆರ್‌ಸಿ ಟ್ರಾನ್ಸ್‌ಫರ್ ಖರ್ಚು ಬೇರೆ. ಆ ಲೆಕ್ಕ ಹಾಕಿದರೆ 2.45 ಲಕ್ಷದ ಸ್ವಿಫ್ಟ್ ನಿಮ್ಮ ಕೈಗೆ ಎಟುಕುವ ಗಾಡಿ ಅಲ್ಲ.

ಇನ್ನೊಂದು ಕಾರಣವೂ ಇದೆ. ಡೀಸೆಲ್ ಗಾಡಿ ದಿನಾ ಜಾಸ್ತಿ ಓಡುವವರಿಗೆ ಲಾಭ. ನಿಮ್ಮ ಓಡಾಟಕ್ಕೆ ಉಳಿಯುವ ದುಡ್ಡು ಕಡಿಮೆ. ಆದರೆ ಟರ್ಬೊ ಅಥವಾ ಇಂಜೆಕ್ಟರ್ ಒಂದು ಸಲ ಕೈಕೊಟ್ಟರೆ ವರ್ಷಗಟ್ಟಲೆ ಉಳಿಸಿದ್ದು ಒಂದೇ ಬಿಲ್ಲಿಗೆ ಹೋಗುತ್ತದೆ. ವ್ಯಾಗನ್‌ಆರ್‌ನ ಈ ಎಂಜಿನ್ ಸರಳ. ಕಾಲಕಾಲಕ್ಕೆ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ತಿಪಟೂರಿನಲ್ಲೇ ಪಾರ್ಟ್ಸ್ ಸಿಗುತ್ತವೆ, ರಿಪೇರಿ ಮಾಡುವವರೂ ಇದ್ದಾರೆ. ನನ್ನ ಒಲವು ವ್ಯಾಗನ್‌ಆರ್ ಕಡೆಗೇ. ಆದರೂ ನೋಡದೆ ಅಡ್ವಾನ್ಸ್ ಕೊಡಬೇಡಿ.

ಬೆಳಿಗ್ಗೆ ಏಳು ಗಂಟೆಗೆ ಹೋಗಿ. ‘ಸರ್, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಹಿಂದಿನ ರಾತ್ರಿಯೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ತಣ್ಣಗಿರಬೇಕು. ಬಿಸಿಯಿದ್ದರೆ ಯಾಕೆ ಅಂತ ಕೇಳಿ, ಇನ್ನೊಂದು ದಿನ ಬನ್ನಿ. ಹಳೇ ಎಂಜಿನ್ನಿನ ಕಾಯಿಲೆಗಳಲ್ಲಿ ಎಷ್ಟೋ ಬಿಸಿಯಾದ ಮೇಲೆ ಅಡಗಿಬಿಡುತ್ತವೆ.

ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ. ಅದರ ಒಳಗೆ ಆಯಿಲ್ ಕಪ್ಪಗಿದ್ದರೆ ಗಾಬರಿ ಬೇಡ. ಬೆಣ್ಣೆ ಹಚ್ಚಿದ ಹಾಗೆ ಬಿಳಿ ಲೋಳೆ ಕಂಡರೆ ಆಯಿಲ್‌ಗೆ ನೀರು ಸೇರುತ್ತಿರಬಹುದು. ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಗುಮಾನಿ ಅದು. ಈಗ ಅವರಿಗೆ ಸ್ಟಾರ್ಟ್ ಮಾಡಲು ಹೇಳಿ, ನೀವು ಸೈಲೆನ್ಸರ್ ಹತ್ತಿರ ನಿಲ್ಲಿ. ಚಳಿಯಲ್ಲಿ ಒಂದೆರಡು ನಿಮಿಷ ಬಿಳಿ ಹಬೆ ಬಂದರೆ ಪರವಾಗಿಲ್ಲ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ ಕೂಲೆಂಟ್ ಸುಡುತ್ತಿದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ಆ ಗಾಡಿ ಬೇಡ.

ಆಮೇಲೆ ಕೆ.ಬಿ. ಕ್ರಾಸ್ ತನಕ ಓಡಿಸಿಕೊಂಡು ಬನ್ನಿ. ರೇಡಿಯೊ ಆಫ್, ಕಿಟಕಿ ಗಾಜು ಇಳಿಸಿರಲಿ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕಿ. ಮುಂದಿನ ಚಕ್ರದಿಂದ ಕಟಕಟ ಅಂದರೆ ಡ್ರೈವ್ ಶಾಫ್ಟ್ ಜಾಯಿಂಟ್ ಸವೆದಿದೆ. ಇದು ರಿಪೇರಿ ಆಗುವಂಥದ್ದೇ, ರೇಟು ಇಳಿಸಲು ನಿಮಗೆ ಒಂದು ಕಾರಣ ಸಿಕ್ಕಿತು ಅಷ್ಟೇ. ಗೀರುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹನ್ನೆರಡು ವರ್ಷ ಓಡಿದ ಕಾರಿಗೆ ಗೀರು ಸಹಜ, ಅಲ್ವಾ?

ನನಗೆ ಭಯ ಹುಟ್ಟಿಸುವುದು ಹೊಸ ಬಣ್ಣ. ಒಮ್ಮೆ ನನ್ನ ಗ್ಯಾರೇಜಿಗೆ ದಂಪತಿ ಒಬ್ಬರು ಹೀಗೇ ಮಿಂಚುವ ಕಾರು ತಂದರು. ವಾರದ ಹಿಂದೆ ಕೊಂಡಿದ್ದರು, ಪವರ್ ವಿಂಡೊ ಸುಮ್ನೆ ನಿಂತುಹೋಗುತ್ತಿತ್ತು. ಡ್ರೈವರ್ ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದೆ. ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಕೊನೆಯ ಒಂದಡಿಯಲ್ಲಿ ಕೆಮ್ಮಣ್ಣಿನ ಗೆರೆ ಇತ್ತು. ಸ್ಟೆಪ್ನಿ ಎತ್ತಿದರೆ ಗುಂಡಿಯಲ್ಲಿ ಒಣಗಿದ ಕೆಸರು. ಪ್ರವಾಹದಲ್ಲಿ ಮುಳುಗಿದ್ದ ಗಾಡಿ ಅದು. ಆಯಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು, ನನಗೂ ಅವತ್ತು ಊಟ ಸೇರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಎಷ್ಟು ಕಾರುಗಳು ನೀರಲ್ಲಿ ನಿಂತಿದ್ದವು ಅಂತ ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಹಾಗಾಗಿ ಯಾವ ಕಾರಾದರೂ ಬೆಲ್ಟ್ ಪೂರ್ತಿ ಎಳೆಯಿರಿ, ಮ್ಯಾಟ್ ಎತ್ತಿ ಮೂಸಿ ನೋಡಿ, ಸೀಟಿನ ಕೆಳಗಿನ ಬೋಲ್ಟ್‌ಗಳು ತುಕ್ಕು ಹಿಡಿದಿವೆಯಾ ನೋಡಿ.

ಮೀಟರ್‌ನಲ್ಲಿರುವ ಕಿಲೋಮೀಟರ್ ನಂಬಬೇಡಿ, ಪೆಡಲ್ ರಬ್ಬರ್ ನೋಡಿ. 45 ಸಾವಿರ ಓಡಿದೆ ಅಂತಾರೆ, ಕ್ಲಚ್ ಪೆಡಲ್ ಸವೆದು ನುಣ್ಣಗಾಗಿದೆ ಅಂದರೆ ಎಲ್ಲೋ ಸುಳ್ಳಿದೆ. ಮೊದಲು ಯೆಲ್ಲೋ ಬೋರ್ಡ್ ಆಗಿತ್ತಾ ಅಂತಲೂ ವಿಚಾರಿಸಿ.

ಇನ್ನೊಂದು ವಿಷಯ ಮುಚ್ಚಿಡಬಾರದು. ಡ್ರೈವರ್ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2019ರ ಜುಲೈಯಿಂದ. 2013ರ ಗಾಡಿಯಲ್ಲಿ ಅದು ಇಲ್ಲದೇ ಇರಬಹುದು. ಅಮ್ಮ ಹಿಂದೆ ಕೂತರೂ ಬೆಲ್ಟ್ ಹಾಕಿಸಿ. ಟೈರ್ ಹಳೇದಿದ್ದರೆ ಉಳಿಸಿದ 40 ಸಾವಿರದಲ್ಲಿ ಮೊದಲು ನಾಲ್ಕು ಟೈರ್ ಹಾಕಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2317 ಅಂದರೆ 2017ರ 23ನೇ ವಾರ ತಯಾರಾದದ್ದು. ಅಷ್ಟು ಹಳೇ ಟೈರಿನ ಮೇಲಿನ ಗೆರೆಗಳು ಸವೆಯದಿದ್ದರೂ ಹೈವೇಗೆ ಇಳಿಯಬೇಡಿ.

ಪ್ರಶ್ನೆ: ದೆಹಲಿ ನಂಬರಿನ ಕಾರು ಇಲ್ಲಿಗಿಂತ 80 ಸಾವಿರ ಕಡಿಮೆಗೆ ಸಿಗುತ್ತಿದೆ. ತರಿಸಬಹುದೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದಿದ್ದರಿಂದ ಬೆಲೆ ಬಿದ್ದಿದೆ. ಆದರೆ ಇಲ್ಲಿ ಕೆಎ ನಂಬರ್ ಮಾಡಿಸಬೇಕಾದರೆ ಅಲ್ಲಿನ ಆರ್‌ಟಿಒ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಬೇಕು, ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಗಾಡಿಯ ಬೆಲೆ, ವಯಸ್ಸು ನೋಡಿ ಅದು ನಿಗದಿಯಾಗುತ್ತದೆ. ಹುಬ್ಬಳ್ಳಿ ಆರ್‌ಟಿಒದಲ್ಲಿ ಆ ಮೊತ್ತ ಕೇಳಿಕೊಂಡು, ಸಾಗಣೆ ಖರ್ಚು ಸೇರಿಸಿ, ಆಮೇಲೆ 80 ಸಾವಿರದಲ್ಲಿ ಎಷ್ಟು ಉಳಿಯಿತು ನೋಡಿ. ಕಣ್ಣಿಂದ ನೋಡದ ಕಾರಿಗೆ ನಾನಂತೂ ದುಡ್ಡು ಕಳಿಸುವುದಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟು ಕಾರು ತಂದೆ. ಆರ್‌ಸಿ ನಿಧಾನಕ್ಕೆ ಮಾಡಿಸಿದರೆ ಆಗದೇ? (ಚಿತ್ರದುರ್ಗದ ಓದುಗರು)

ಉತ್ತರ: ಬೇಡ, ಈ ವಾರವೇ ಹೋಗಿ. ಗಾಡಿ ನಿಮ್ಮ ಹೆಸರಿಗೆ ಮಾಡಿಸುವ ಫಾರಂ 29 ಮತ್ತು 30ಕ್ಕೆ ಮಾರಿದವರ ಸಹಿ ಬೇಕು. ಆರು ತಿಂಗಳ ಮೇಲೆ ಅವರು ಫೋನ್ ಎತ್ತದಿದ್ದರೆ ಏನು ಮಾಡುತ್ತೀರಿ? ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಆ ಹೆಸರು ತೆಗೆಸುವ ಫಾರಂ 35 ಕೂಡ ತರಿಸಿಕೊಳ್ಳಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ನೋಡಿ. ಟ್ರಾಫಿಕ್ ದಂಡ ಬಾಕಿ ಇದೆಯಾ ಅಂತಲೂ ಪರೀಕ್ಷಿಸಿ. ಕಾರು ಕೈಗೆ ಬಂದ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೂ ತಿಳಿಸಿ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಕಾರಿಗೆ ಪೆಟ್ಟಾದಾಗ ಕ್ಲೇಮ್ ಸಿಗುವುದು ಕಷ್ಟ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಅವರದ್ದೇ. ಹಾಗಾಗಿ ಪ್ರೀಮಿಯಂ ಸ್ವಲ್ಪ ಜಾಸ್ತಿಯಾಗುತ್ತದೆ, ಆ ದುಡ್ಡು ತೆಗೆದಿಟ್ಟುಕೊಂಡು ಹೋಗಿ.