ಓಡುತ್ತಿರುವ ಎಂಜಿನ್‌ಗೆ ಮತ್ತೆ ಸೆಲ್ಫ್ ಹೊಡೆದರೆ ಏನಾಗುತ್ತದೆ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಶಿಕ್ಷಕಿ. ಕಾರು ಕಲಿತು ಆರು ತಿಂಗಳಾಯಿತು. ಹೋದ ವಾರ ಮಧ್ಯಾಹ್ನ ಸರ್ದಾರ್ ವಲ್ಲಭಭಾಯಿ ಪಟೇಲ್ ವೃತ್ತದಲ್ಲಿ ನಿಂತಿದ್ದಾಗ, ಎ.ಸಿ. ಫ್ಯಾನಿನ ಸದ್ದು ಮತ್ತು ಹಿಂದಿನ ಆಟೋಗಳ ಹಾರ್ನಿನ ನಡುವೆ ಎಂಜಿನ್ ಬಂದ್ ಆಗಿದೆಯೆಂದು ತಿಳಿದು ಚಾವಿ ತಿರುವಿದೆ. ಕಲ್ಲಿಗೆ ಕಬ್ಬಿಣ ತಿಕ್ಕಿದಂತೆ ಕರ್ರ್ ಎಂಬ ಶಬ್ದ ಬಂತು. ಗಾಬರಿಯಾಗಿ ಕೈ ಬಿಟ್ಟೆ. ಎಂಜಿನ್ ಚಾಲೂ ಇತ್ತು. ಗ್ಯಾರೇಜಿನವರೊಬ್ಬರು ಪೂರಾ ಸೆಲ್ಫ್ ಬದಲಿಸಬೇಕು ಎನ್ನುತ್ತಾರೆ. ಇದು ನಿಜವೇ? ನಮ್ಮ ಅಣ್ಣನ ಕಾರಿನಲ್ಲಿ ಹೀಗೆ ಮಾಡಲು ಹೋದರೆ ಚಾವಿ ತಿರುಗುವುದೇ ಇಲ್ಲ, ಅದೇಕೆ?

ಉತ್ತರ: ಒಂದೇ ಸಲ, ಅರೆಕ್ಷಣ ಆದ ಈ ತಿಕ್ಕಾಟಕ್ಕಾಗಿ ಸೆಲ್ಫ್ ಬದಲಿಸುವ ಅಗತ್ಯವಿಲ್ಲ. ಆಮೇಲೆಯೂ ಕಾರು ಎಂದಿನಂತೆ ಚಾಲೂ ಆಗುತ್ತಿದ್ದರೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಆದರೆ ಆ ಶಬ್ದ ಎಲ್ಲಿಂದ ಹುಟ್ಟಿತೆಂದು ತಿಳಿದುಕೊಂಡರೆ, ಮುಂದೆ ಯಾವ ಶಬ್ದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನು ನೀವೇ ನಿರ್ಧರಿಸಬಹುದು.

ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದ್ದು, ಅದರ ಅಂಚಿಗೆ ರಿಂಗ್ ಗೇರ್ ಎಂಬ ಹಲ್ಲಿನ ಬಳೆಯನ್ನು ತೊಡಿಸಿರುತ್ತಾರೆ. ಚಾವಿಯನ್ನು ಕೊನೆಯವರೆಗೆ ತಿರುವಿದಾಗ ಸೆಲ್ಫ್ ಮೋಟರಿನ ಬೆನ್ನ ಮೇಲಿರುವ ಸೋಲೆನಾಯ್ಡ್ ಎರಡು ಕೆಲಸ ಮಾಡುತ್ತದೆ: ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯನ್ನು ಮುಂದಕ್ಕೆ ನೂಕಿ ರಿಂಗ್ ಗೇರಿಗೆ ಹೊಂದಿಸುತ್ತದೆ, ಹಾಗೆಯೇ ಬ್ಯಾಟರಿಯ ದಪ್ಪ ವೈರಿನ ಕರೆಂಟನ್ನು ಮೋಟರಿಗೆ ಹರಿಸುತ್ತದೆ. ಎಂಜಿನ್ ನಿಂತಿದ್ದಾಗ ಹಲ್ಲಿನ ಸಂದಿಗೆ ಹಲ್ಲು ಸಲೀಸಾಗಿ ಕೂರುತ್ತದೆ. ಎಂಜಿನ್ ಚಾಲೂ ಇದ್ದರೆ, ಸುಮ್ಮನೆ ನಿಂತ ಕಾರಿನಲ್ಲಿಯೂ ಫ್ಲೈವೀಲ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಆ ವೇಗದಲ್ಲಿ ಓಡುವ ಹಲ್ಲುಗಳ ಮೇಲೆ ಪಿನಿಯನ್ನಿನ ಹಲ್ಲುಗಳ ತುದಿ ಬಡಿದು ಉಜ್ಜುತ್ತದೆಯೇ ಹೊರತು ಒಳಗೆ ಕೂರುವುದು ಕಷ್ಟ. ನೀವು ಕೇಳಿದ್ದು ಈ ತುದಿಗಳ ಉಜ್ಜಾಟವನ್ನು.

ಒಂದು ವೇಳೆ ಹಲ್ಲು ಕೂತೇ ಬಿಟ್ಟರೂ ಮೋಟರ್ ಉಳಿಯುತ್ತದೆ. ಪಿನಿಯನ್ನಿಗೆ 9 ಹಲ್ಲು, ರಿಂಗ್ ಗೇರಿಗೆ 110 ಹಲ್ಲು ಎಂದಿಟ್ಟುಕೊಂಡರೆ, 800 ಸುತ್ತಿನ ಎಂಜಿನ್ ಪಿನಿಯನ್ನನ್ನು ನಿಮಿಷಕ್ಕೆ ಹೆಚ್ಚುಕಡಿಮೆ 10 ಸಾವಿರ ಸುತ್ತು ತಿರುಗಿಸುತ್ತದೆ. ಈ ವೇಗ ನೇರವಾಗಿ ಮೋಟರಿಗೆ ತಲುಪಿದರೆ ಅದರೊಳಗೆ ತಿರುಗುವ ಭಾಗವಾದ ಆರ್ಮೇಚರಿನ ತಂತಿ ಸುರುಳಿಗಳು ಕಿತ್ತುಬರಬಹುದು. ಅದನ್ನು ತಡೆಯಲೆಂದೇ ಪಿನಿಯನ್ನಿನ ಹಿಂದೆ ಒಂದೇ ದಿಕ್ಕಿನಲ್ಲಿ ಹಿಡಿಯುವ ಕ್ಲಚ್ ಇರುತ್ತದೆ. ಸೈಕಲ್ಲಿನ ಪೆಡಲ್ ತುಳಿಯುವುದನ್ನು ನಿಲ್ಲಿಸಿದರೂ ಫ್ರೀವೀಲ್‌ನಿಂದಾಗಿ ಹಿಂದಿನ ಗಾಲಿ ತನ್ನಷ್ಟಕ್ಕೆ ಓಡುತ್ತದಲ್ಲ, ಇದೂ ಹಾಗೆಯೇ: ಮೋಟರ್ ಎಂಜಿನ್ನನ್ನು ತಿರುಗಿಸಬಲ್ಲದು, ಎಂಜಿನ್ ಮೋಟರನ್ನು ತಿರುಗಿಸಲಾರದು. ನಮ್ಮ ಮೆಕ್ಯಾನಿಕ್‌ಗಳು ಪಿನಿಯನ್ ಮತ್ತು ಈ ಕ್ಲಚ್ ಸೇರಿದ ಭಾಗವನ್ನು ಬೆಂಡಿಕ್ಸ್ ಎನ್ನುತ್ತಾರೆ. ಅದು ವಿನ್ಸೆಂಟ್ ಬೆಂಡಿಕ್ಸ್ ಎಂಬ ಅಮೆರಿಕದ ಸಂಶೋಧಕನ ಹೆಸರು.

ಹಾಗಾದರೆ ಸವೆಯುವುದು ಯಾವುದು? ಓಡುವ ಎಂಜಿನ್ನಿನಲ್ಲಿ ಉಜ್ಜಾಟ ರಿಂಗ್ ಗೇರಿನ ನೂರಕ್ಕೂ ಹೆಚ್ಚು ಹಲ್ಲುಗಳಿಗೆ ಹಂಚಿಹೋಗುತ್ತದೆ, ಪಿನಿಯನ್ನಿನ ಕೆಲವೇ ಹಲ್ಲುಗಳಾದರೋ ಅಷ್ಟೂ ಪೆಟ್ಟನ್ನು ತಾವೇ ತಿನ್ನುತ್ತವೆ. ಇದೇ ತಪ್ಪನ್ನು ದಿನವೂ ಮಾಡುತ್ತಿದ್ದ ಚಾಲಕರೊಬ್ಬರ ಟ್ಯಾಕ್ಸಿಯ ಸೆಲ್ಫನ್ನು ನಾನು ಬಿಚ್ಚಿದ್ದೆ. ಪಿನಿಯನ್ನಿನ ಹಲ್ಲುಗಳ ತುದಿ ಅರದಿಂದ ತಿಕ್ಕಿದಂತೆ ಬೆಳ್ಳಗೆ ಹೊಳೆಯುತ್ತಿತ್ತು, ಬೆರಳಾಡಿಸಿದರೆ ಅಂಚಿಗೆ ಮಡಚಿಕೊಂಡಿದ್ದ ಲೋಹದ ಸಿಬಿರು ಚುಚ್ಚುತ್ತಿತ್ತು. ಆ ಸ್ಥಿತಿ ತಲುಪಲು ಬಹಳ ದಿನ ಬೇಕು. ತಲುಪಿದ ಮೇಲೂ ನಿರ್ಲಕ್ಷಿಸಿದರೆ ಹಾಳಾದ ಪಿನಿಯನ್ ರಿಂಗ್ ಗೇರಿನ ಹಲ್ಲನ್ನು ಕೆಡಿಸತೊಡಗುತ್ತದೆ, ಆಗ ಗೇರ್ ಬಾಕ್ಸ್ ಇಳಿಸದೆ ದಾರಿಯಿಲ್ಲ. ಸಾಮಾನಿಗಿಂತ ಕೂಲಿಯೇ ದುಬಾರಿಯಾಗುವ ಕೆಲಸವದು.

ಆದ್ದರಿಂದ ಮುಂದಿನ ಕೆಲವು ದಿನ ಬೆಳಿಗ್ಗೆ ಕಿಟಕಿಯ ಗಾಜು ಇಳಿಸಿ, ಎ.ಸಿ. ಬಂದ್ ಮಾಡಿ, ಸೆಲ್ಫ್ ಹೊಡೆಯುವಾಗಿನ ಶಬ್ದವನ್ನು ಗಮನವಿಟ್ಟು ಕೇಳಿ. ನಿಂತ ಎಂಜಿನ್ನಿಗೆ ಸೆಲ್ಫ್ ಹೊಡೆದಾಗಲೂ ಕರ್ರ್ ಎಂದರೆ ಹಲ್ಲು ಸವೆದಿರಬಹುದು. ಮೋಟರ್ ಝುಂಯ್ ಎಂದು ಬರಿದೇ ತಿರುಗಿ ಎಂಜಿನ್ ಅಲುಗದಿದ್ದರೆ ಬೆಂಡಿಕ್ಸ್ ಜಾರುತ್ತಿರುವ ಲಕ್ಷಣ. ಬರೀ ಟಕ್ ಎಂದು ಸುಮ್ಮನಾದರೆ ಮೊದಲು ಬ್ಯಾಟರಿಯನ್ನು ಪರೀಕ್ಷಿಸಿ, ಅದಕ್ಕೂ ನಿಮ್ಮ ಸಿಗ್ನಲ್ಲಿನ ಘಟನೆಗೂ ಸಂಬಂಧವಿರಲಾರದು. ಗ್ಯಾರೇಜಿನವರು ಮತ್ತೆ ಒತ್ತಾಯಿಸಿದರೆ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಸೆಲ್ಫನ್ನು ಇಳಿಸಿ ಪಿನಿಯನ್ ತೋರಿಸಲು ಹೇಳಿ. ಹಲ್ಲು ನಿಜವಾಗಿಯೂ ಕೆಟ್ಟಿದ್ದರೂ ಎಷ್ಟೋ ಕಾರುಗಳಲ್ಲಿ ಬೆಂಡಿಕ್ಸ್ ಒಂದನ್ನೇ ಬದಲಿಸಬಹುದು. ಹಲ್ಲು ನೋಡದೆ ಪೂರಾ ಸೆಲ್ಫ್ ಹೇಳುವವರ ಮಾತಿಗೆ ಒಪ್ಪಬೇಡಿ, ಮೇಡಂ.

ನಿಮ್ಮ ಅಣ್ಣನವರ ಕಾರಿನ ಚಾವಿಯ ಬೀಗದಲ್ಲಿಯೇ ತಡೆಯೊಂದಿದೆ. ಒಮ್ಮೆ ಸೆಲ್ಫ್ ಹೊಡೆದು ಬಿಟ್ಟ ಮೇಲೆ ಚಾವಿಯನ್ನು ಹಿಂದಕ್ಕೆ, ಅಂದರೆ ಬಂದ್ ಆಗುವ ಕಡೆಗೆ ತಿರುವದೆ ಮತ್ತೆ ಮುಂದಕ್ಕೆ ಬಿಡದಂತೆ ಅದನ್ನು ಮಾಡಿರುತ್ತಾರೆ. ಇನ್ನು ಕೆಲವು ಕಾರುಗಳಲ್ಲಿ ಎಂಜಿನ್ನಿನ ಕಂಪ್ಯೂಟರೇ ಸುತ್ತುಗಳನ್ನು ಲೆಕ್ಕ ಹಾಕಿ, ಎಂಜಿನ್ ಓಡುತ್ತಿದ್ದರೆ ಸೆಲ್ಫಿಗೆ ಕರೆಂಟ್ ಕೊಡುವುದಿಲ್ಲ. ಈ ಎರಡೂ ಇಲ್ಲದ ನಿಮ್ಮ ಕಾರಿನಲ್ಲಿ ಕಣ್ಣನ್ನೇ ನಂಬಬೇಕು. ನಮ್ಮೂರಿನ 40 ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲಿ ಫ್ಯಾನನ್ನು ಜೋರಾಗಿಟ್ಟಾಗ ಎಂಜಿನ್ನಿನ ಸದ್ದು ಕಿವಿಗೆ ಬೀಳದಿರುವುದು ನಿಮ್ಮೊಬ್ಬರ ಅನುಭವವಲ್ಲ. ಚಾವಿ ಮುಟ್ಟುವ ಮೊದಲು ಡ್ಯಾಶ್‌ಬೋರ್ಡ್ ನೋಡಿ: ಎಂಜಿನ್ ಆಫ್ ಆಗಿದ್ದರೆ ಎಣ್ಣೆಯ ಮತ್ತು ಬ್ಯಾಟರಿಯ ಕೆಂಪು ದೀಪಗಳು ಹೊತ್ತಿರುತ್ತವೆ, ಸುತ್ತು ತೋರಿಸುವ ಮುಳ್ಳಿದ್ದರೆ ಅದು ಸೊನ್ನೆಗೆ ಬಿದ್ದಿರುತ್ತದೆ. ಸಿಗ್ನಲ್ಲಿನಲ್ಲಿ ತಾನಾಗಿಯೇ ಬಂದ್ ಆಗುವ ಸೌಲಭ್ಯವಿರುವ ಗೇರಿನ ಕಾರಾದರೆ ಚಾವಿ ಬೇಡ, ಕ್ಲಚ್ ಒತ್ತಿದರೆ ಸಾಕು.

ಪ್ರಶ್ನೆ: ಜೇವರ್ಗಿ ತಾಲ್ಲೂಕಿನವನು, ತೊಗರಿ ಸಾಗಿಸುವ ಹಳೆಯ ಪಿಕಪ್ ಇದೆ. ಎಂಜಿನ್ ಚಾಲೂ ಆದ ಮೇಲೂ ಚಾವಿ ಕೆಲವೊಮ್ಮೆ ಹಿಂದಕ್ಕೆ ಬರದೆ ಅಲ್ಲೇ ನಿಲ್ಲುತ್ತದೆ, ಸೆಲ್ಫ್ ಕೂಗುತ್ತಲೇ ಇರುತ್ತದೆ. ಕೈಯಿಂದ ಎಳೆದರೆ ಸರಿಯಾಗುತ್ತದೆ. ಹೀಗೇ ನಡೆಸಬಹುದೇ?

ಉತ್ತರ: ನಡೆಸಬೇಡಿ. ಮೇಲಿನ ಪ್ರಶ್ನೆಗಿಂತ ನಿಮ್ಮದು ಗಂಭೀರವಾದದ್ದು. ಇಲ್ಲಿ ಹಲ್ಲು ಪೂರ್ತಿ ಕೂತ ಸ್ಥಿತಿಯಲ್ಲೇ ಎಂಜಿನ್ ಓಡುತ್ತಿರುವುದರಿಂದ ಆ ಕ್ಲಚ್ಚಿನ ಮೇಲೆ ಬಿಡುವಿಲ್ಲದೆ ಭಾರ ಬೀಳುತ್ತದೆ, ಮೋಟರ್ ಸುಡುವಷ್ಟು ಕಾಯುತ್ತದೆ. ಚಾವಿಯ ಸ್ವಿಚ್ಚಿನೊಳಗಿನ ಸ್ಪ್ರಿಂಗ್ ಸೋತಿರಬೇಕು ಅಥವಾ ಎರೆಮಣ್ಣಿನ ದೂಳು ತುಂಬಿರಬೇಕು; ಮನೆ, ಗೋದಾಮುಗಳ ಚಾವಿಗಳನ್ನೆಲ್ಲ ಅದೇ ಗೊಂಚಲಿಗೆ ತೂಗುಹಾಕಿದ್ದರೆ ಮೊದಲು ಅವನ್ನು ತೆಗೆಯಿರಿ. ಬೀಗಕ್ಕೆ ಎಣ್ಣೆ ಬಿಡಬೇಡಿ, ಎಣ್ಣೆಗೆ ದೂಳು ಅಂಟಿ ಕೆಸರಾಗುತ್ತದೆ, ಗ್ರಾಫೈಟ್ ಪುಡಿ ಹಾಕಿಸಿ. ಅದರಿಂದಲೂ ಸರಿಹೋಗದಿದ್ದರೆ ಸ್ವಿಚ್ ಬದಲಿಸಿ.

ಚಾವಿಯನ್ನು ಪೂರ್ತಿ ಬಂದ್ ಮಾಡಿದರೂ ಸೆಲ್ಫ್ ತಿರುಗುತ್ತಲೇ ಇದ್ದರೆ ಸೋಲೆನಾಯ್ಡ್ ಒಳಗೆ ಮೋಟರಿಗೆ ಕರೆಂಟ್ ಹರಿಸುವ ತಾಮ್ರದ ಬಿಲ್ಲೆಗಳು ಬೆಸೆದುಕೊಂಡಿವೆ ಎಂದೇ ತಿಳಿಯಿರಿ. ಗಾಡಿ ಗೇರಿನಲ್ಲಿದ್ದರೆ ಸೆಲ್ಫಿನ ಬಲಕ್ಕೇ ಮುಂದಕ್ಕೆ ನುಗ್ಗುತ್ತದೆ, ಆದ್ದರಿಂದ ಕೂಡಲೇ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಬಾನೆಟ್ ಎತ್ತಿ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ. ಅದಕ್ಕೆ ಹೊಂದುವ ಪಾನಾ, ಸಾಮಾನ್ಯವಾಗಿ 10ರದ್ದು, ಸೀಟಿನ ಕೆಳಗೆ ಕೈಗೆ ಸಿಗುವಂತೆ ಈವತ್ತೇ ಇಟ್ಟುಕೊಳ್ಳಿ.